ಭೂಕಂಪವೂ ಪಾಪದ ಲೆಕ್ಕವೂ

ನೆರೆ ಬಂದರೆ, ಬರ ಬಿದ್ದರೆ, ಭೂಮಿ ನಡುಗಿದರೆ "ಇದು ಇಂಥವರ ಪಾಪದ ಫಲ" ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ದುಃಖದಲ್ಲಿರುವ ಜನರ ನಡುವೆ ತಮ್ಮ ಮತವನ್ನೋ ಪಕ್ಷವನ್ನೋ ಬೆಳೆಸಿಕೊಳ್ಳುವುದು ಸುಲಭ. ಆದರೆ ಉದ್ದೇಶ ಒಳ್ಳೆಯದಾಗಿದ್ದರೆ ಹಾಗೆ ಹೇಳಬಹುದೇ? ಈ ಪ್ರಶ್ನೆ ನಮ್ಮ ದೇಶದ ಇಬ್ಬರು ಹಿರಿಯರ ನಡುವೆಯೇ ಎದ್ದಿತ್ತು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಘೋರ ಭೂಕಂಪವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಗಾಂಧೀಜಿ ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದರು. ಈ ಭೂಕಂಪ ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಅವರು ತಿರುನೆಲ್ವೇಲಿಯಲ್ಲಿ ಹೇಳಿದರು. ಅದು ಅವರ ಪ್ರಾಮಾಣಿಕ ನಂಬಿಕೆಯಾಗಿತ್ತು.

ರವೀಂದ್ರನಾಥ ಠಾಕೂರರೂ ಅಸ್ಪೃಶ್ಯತೆಯ ವಿರೋಧಿಗಳೇ. ಆದರೂ ಈ ಮಾತನ್ನು ಅವರು ಒಪ್ಪಲಿಲ್ಲ. ಭೌತಿಕ ವಿಪತ್ತಿಗೆ ಭೌತಿಕ ಕಾರಣವೇ ಇರುತ್ತದೆ ಎಂಬುದು ಅವರ ವಾದ. ಇದೇ ಜಾಡು ಹಿಡಿದರೆ, ಗಾಂಧೀಜಿಯ ಚಳವಳಿಯೇ ಭೂಕಂಪಕ್ಕೆ ಕಾರಣವೆಂದು ಸನಾತನಿಗಳೂ ಹೇಳಬಹುದಲ್ಲವೇ ಎಂದು ತೋರಿಸಿದರು. ಗಾಂಧೀಜಿ ಆ ಟೀಕೆಯನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಉತ್ತರ ಬರೆದರು. ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಇಬ್ಬರ ಸ್ನೇಹವೂ ಕೆಡಲಿಲ್ಲ.

ಅಸ್ಪೃಶ್ಯತೆ ಪಾಪವೇ, ಭೂಮಿ ನಡುಗದಿದ್ದರೂ ಪಾಪವೇ. ಅದಕ್ಕೆ ಭೂಕಂಪದ ಸಾಕ್ಷಿ ಬೇಕಿಲ್ಲ. ಭೂಕಂಪ ಜಾತಿ ಕೇಳಿ ಮನೆ ಕೆಡವುವುದಿಲ್ಲ. ನೋವುಂಡವನ ಗುಡಿಸಲನ್ನೂ ಏನೂ ಅರಿಯದ ಕೂಸಿನ ತೊಟ್ಟಿಲನ್ನೂ ಬಿಡುವುದಿಲ್ಲ.

ನಿಜವಾದ ಕಾರಣ ನೆಲದೊಳಗಿದೆ. ಭಾರತವನ್ನು ಹೊತ್ತ ಭೂಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಉತ್ತರಕ್ಕೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತದೆ. ಒತ್ತಡ ಮಿತಿಮೀರಿದಾಗ ಶಿಲೆ ಬಿರಿದು ನೆಲ ನಡುಗುತ್ತದೆ. ಹಿಮಾಲಯದಿಂದ ದೂರವಿರುವ ನಮ್ಮ ಭಾಗವೂ ಇದಕ್ಕೆ ಹೊರತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಸೊಲ್ಲಾಪುರಕ್ಕೆ ಬಹಳ ದೂರವಲ್ಲದ ಕಿಲ್ಲಾರಿಯ ಸುತ್ತಮುತ್ತ ಸಾವಿರಾರು ಜನ ಮಲಗಿದಲ್ಲಿಯೇ ಸತ್ತರು. ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಅವರ ಮೇಲೆ ಕುಸಿದಿದ್ದವು. ಪಾಪಿಯನ್ನು ಹುಡುಕುತ್ತ ಕುಳಿತರೆ ಗೋಡೆಯನ್ನು ಭದ್ರಪಡಿಸುವವರಾರು?

ಆದುದರಿಂದ ವಿದ್ಯಾರ್ಥಿ ಮಿತ್ರರೇ, ವಿಪತ್ತು ಬಂದಾಗ ಮೊದಲು ಅನ್ನ, ನೀರು, ಆಸರೆ ಒದಗಿಸೋಣ. "ಇದು ಇಂಥವರ ಪಾಪ" ಎಂದು ಯಾರಾದರೂ ಹೇಳಿದರೆ ವಿನಯದಿಂದಲೇ ಎರಡು ಪ್ರಶ್ನೆ ಕೇಳೋಣ: ಇದು ನಿಮಗೆ ಹೇಗೆ ತಿಳಿಯಿತು? ಹೀಗೆ ಹೇಳುವುದರಿಂದ ಯಾರಿಗೆ ಲಾಭ?