ಚಿಕ್ಕ ಕಾರು, ಐದು ಮೆಟ್ಟಿಲು: ನಿಮ್ಮ ಹಣ ಹೋಗುವುದೆಲ್ಲಿಗೆ?

ಮಗ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು ಎನ್ನುವಾಗ ಅಥವಾ ಮನೆಯವರು ಗಲ್ಫ್‌ನಿಂದ ರಜೆಯಲ್ಲಿ ಬಂದಾಗ ಈ ಮಾತು ಬಂದೇ ಬರುತ್ತದೆ: "ಒಂದು ಕಾರು ತೆಗೆದುಕೊಳ್ಳೋಣ." ಹುಡುಗರಿಗೆ ಅದು ನೋಡಲು ಸ್ಪೋರ್ಟಿಯಾಗಿರಬೇಕು. ಹಿರಿಯರಿಗೆ ಮೈಲೇಜ್ ಬೇಕು. "ತೆಗೆದುಕೊಳ್ಳುವುದಾದರೆ ಟಾಪ್ ಮಾಡೆಲೇ ಆಗಲಿ" ಎಂದು ಒಬ್ಬ ನೆಂಟರು ಸೇರಿಸುತ್ತಾರೆ. ಕೊನೆಗೆ ನಿಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಬಣ್ಣ ಯಾವುದಿರಲಿ?"

ಸಹೋದರಿಯರೇ, ಆ ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದುಕೊಂಡು ಕೂರುವವರು ನೀವು. ತಿಂಗಳ ಕೊನೆಗೆ ಮನೆಯ ಖರ್ಚನ್ನು ಸರಿದೂಗಿಸುವವರೂ ನೀವೇ. ಈಗೀಗ ಸ್ಟೇರಿಂಗ್ ಹಿಡಿಯುವವರೂ ನಿಮ್ಮಲ್ಲಿ ಅನೇಕರಿದ್ದೀರಿ. ಆದ್ದರಿಂದ ಬಣ್ಣದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕಾರಿನ ಬೆಲೆಪಟ್ಟಿಯನ್ನು ನೀವೇ ಒಮ್ಮೆ ಓದಿ. ಉದಾಹರಣೆಗೆ, ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾರುತಿ ಸುಜುಕಿ ಸ್ವಿಫ್ಟ್ ಕಾರನ್ನೇ ತೆಗೆದುಕೊಳ್ಳೋಣ.

ಹೆಸರಿನ ಹಿಂದಿನ ಅಕ್ಷರಗಳು

ಸ್ವಿಫ್ಟ್ ಭಾರತದ ರಸ್ತೆಗೆ ಬಂದದ್ದು 2005ರಲ್ಲಿ. ದುಂಡಗಿನ ಮೈಕಟ್ಟು, ಚುರುಕಾದ ಓಟದಿಂದಾಗಿ ಅದು ಯುವಕರ ಮೆಚ್ಚಿನ ಕಾರಾಯಿತು. 2011, 2018 ಮತ್ತು 2024ರಲ್ಲಿ ಹೊಸ ರೂಪಗಳು ಬಂದವು. ಒಂದೇ ಕಾರನ್ನು ಕಂಪೆನಿ ಹಲವು ದರ್ಜೆಗಳಲ್ಲಿ ಮಾರುತ್ತದೆ. 2024ರ ಮೇ ತಿಂಗಳಲ್ಲಿ ಬಂದ ನಾಲ್ಕನೇ ತಲೆಮಾರಿನ ಸ್ವಿಫ್ಟ್ ಐದು ದರ್ಜೆಗಳಲ್ಲಿ ಬಂತು: ಎಲ್‌ಎಕ್ಸ್‌ಐ, ವಿಎಕ್ಸ್‌ಐ, ವಿಎಕ್ಸ್‌ಐ (ಒ), ಝಡ್‌ಎಕ್ಸ್‌ಐ ಮತ್ತು ಝಡ್‌ಎಕ್ಸ್‌ಐ ಪ್ಲಸ್.

ಬಿಡುಗಡೆಯ ದಿನ ಗೇರ್ ಕೈಯಲ್ಲಿ ಬದಲಿಸುವ ಪೆಟ್ರೋಲ್ ಕಾರಿಗೆ ಎಕ್ಸ್ ಶೋರೂಂ ಬೆಲೆ ಹೀಗಿತ್ತು: ಎಲ್‌ಎಕ್ಸ್‌ಐಗೆ 6.49 ಲಕ್ಷ, ವಿಎಕ್ಸ್‌ಐಗೆ ಸುಮಾರು 7.30 ಲಕ್ಷ, ವಿಎಕ್ಸ್‌ಐ (ಒ)ಗೆ ಸುಮಾರು 7.57 ಲಕ್ಷ, ಝಡ್‌ಎಕ್ಸ್‌ಐಗೆ ಸುಮಾರು 8.30 ಲಕ್ಷ, ಝಡ್‌ಎಕ್ಸ್‌ಐ ಪ್ಲಸ್‌ಗೆ ಸುಮಾರು 9 ಲಕ್ಷ ರೂಪಾಯಿ. ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಎರಡೂವರೆ ಲಕ್ಷದ ಅಂತರ.

2025ರ ಸೆಪ್ಟೆಂಬರ್ 22ರಂದು ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಉದ್ದ 4 ಮೀಟರ್‌ಗಿಂತ, ಎಂಜಿನ್ 1200 ಸಿಸಿಗಿಂತ ಹೆಚ್ಚಿಲ್ಲದ ಪೆಟ್ರೋಲ್ ಕಾರುಗಳಿಗೆ ಈ ರಿಯಾಯಿತಿ. ಸ್ವಿಫ್ಟ್‌ನ ಎಂಜಿನ್ 1197 ಸಿಸಿ. ಹಾಗಾಗಿ ಎಲ್‌ಎಕ್ಸ್‌ಐ ಬೆಲೆ ಆಗ ಸುಮಾರು 5.79 ಲಕ್ಷಕ್ಕೆ ಇಳಿಯಿತು. ಬೆಲೆ ಕಾಲಕಾಲಕ್ಕೆ ಬದಲಾಗುತ್ತದೆ. ನೀವು ಕೊಳ್ಳುವ ದಿನದ ಪಟ್ಟಿಯನ್ನೇ ನೋಡಬೇಕು. ಆದರೆ ಮೆಟ್ಟಿಲುಗಳ ನಡುವಿನ ಅಂತರವನ್ನು ಅಳೆಯುವ ರೀತಿ ಬದಲಾಗುವುದಿಲ್ಲ.

ಮೆಟ್ಟಿಲು ಏರಿದರೆ ಸಿಗುವುದೇನು?

ಮೊದಲು, ಏನು ಸಿಗುವುದಿಲ್ಲ ಎಂದು ತಿಳಿಯಿರಿ. ಹೆಚ್ಚು ಹಣ ಕೊಟ್ಟರೆ ಹೆಚ್ಚು ಬಲದ ಎಂಜಿನ್ ಸಿಗುವುದಿಲ್ಲ. ಐದು ದರ್ಜೆಗಳಲ್ಲೂ ಇರುವುದು ಅದೇ ಮೂರು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್, ಅದೇ ಸುಮಾರು 82 ಅಶ್ವಶಕ್ತಿ. ಕಂಪೆನಿ ಹೇಳುವ ಮೈಲೇಜ್ ಕೂಡಾ ಒಂದೇ, ಲೀಟರಿಗೆ 24.8 ಕಿ.ಮೀ. ವಿದೇಶಗಳಲ್ಲಿ 'ಸ್ವಿಫ್ಟ್ ಸ್ಪೋರ್ಟ್' ಎಂಬ ಟರ್ಬೊ ಎಂಜಿನ್ನಿನ ನಿಜವಾದ ವೇಗದ ಕಾರು ಮಾರಾಟವಾಗಿತ್ತು. ಕಂಪೆನಿ ಅದನ್ನು ಭಾರತದಲ್ಲಿ ಮಾರಲಿಲ್ಲ. ನಮ್ಮಲ್ಲಿ 'ಸ್ಪೋರ್ಟಿ' ಎಂದರೆ ಹೆಚ್ಚಾಗಿ ನೋಟ ಮಾತ್ರ.

ಎರಡನೆಯದಾಗಿ, ಸುರಕ್ಷತೆಯ ಮುಖ್ಯ ಸಾಧನಗಳೂ ಎಲ್ಲ ದರ್ಜೆಗಳಲ್ಲಿ ಒಂದೇ. ಆರು ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಜಾರುವ ತಿರುವಿನಲ್ಲಿ ಕಾರು ಹಿಡಿತ ತಪ್ಪದಂತೆ ನೋಡುವ ಇಎಸ್‌ಪಿ, ಏರಿನಲ್ಲಿ ನಿಂತ ಕಾರು ಹಿಂದಕ್ಕೆ ಸರಿಯದಂತೆ ಹಿಡಿಯುವ ವ್ಯವಸ್ಥೆ, ಐದೂ ಆಸನಗಳಿಗೆ ಮೂರು ಬಿಂದುಗಳ ಸೀಟ್ ಬೆಲ್ಟ್ ಇವೆಲ್ಲಾ 6.49 ಲಕ್ಷದ ಕಾರಿನಲ್ಲೂ ಬಂದಿವೆ. ಮೊದಲು ಹೀಗಿರಲಿಲ್ಲ. 2005ರ ಸ್ವಿಫ್ಟ್‌ನಲ್ಲಿ ಏರ್‌ಬ್ಯಾಗ್ ಬೇಕೆಂದರೆ ದುಬಾರಿ ಝಡ್‌ಎಕ್ಸ್‌ಐಯನ್ನೇ ಕೊಳ್ಳಬೇಕಿತ್ತು. ಕಡಿಮೆ ದುಡ್ಡಿನವರ ಮಕ್ಕಳಿಗೆ ರಕ್ಷಣೆಯೂ ಕಡಿಮೆ ಎಂಬಂತಿದ್ದ ಆ ಪದ್ಧತಿ ಈ ಕಾರಿನಲ್ಲಿ ಹೋಗಿದೆ. "ಮಕ್ಕಳ ಸುರಕ್ಷತೆಗಾಗಿ ಟಾಪ್ ಮಾಡೆಲ್ ತೆಗೆದುಕೊಳ್ಳಿ" ಎಂದು ಯಾರಾದರೂ ಹೇಳಿದರೆ, "ಕೆಳಗಿನದರಲ್ಲಿ ಯಾವ ಸುರಕ್ಷತೆ ಇಲ್ಲ, ತೋರಿಸಿ" ಎಂದು ಕೇಳಿ.

ಹಾಗಾದರೆ ಎರಡೂವರೆ ಲಕ್ಷ ಹೋಗುವುದೆಲ್ಲಿಗೆ? ಎಲ್‌ಎಕ್ಸ್‌ಐಯಲ್ಲಿ 14 ಇಂಚಿನ ಕಬ್ಬಿಣದ ಚಕ್ರ, ಹ್ಯಾಲೊಜನ್ ದೀಪ. ಕಂಪೆನಿಯ ಮ್ಯೂಸಿಕ್ ಸಿಸ್ಟಮ್ ಇಲ್ಲ. ವಿಎಕ್ಸ್‌ಐಗೆ ಏರಿದರೆ 7 ಇಂಚಿನ ಟಚ್‌ಸ್ಕ್ರೀನ್, ಸ್ಟೇರಿಂಗ್ ಮೇಲೆಯೇ ಗುಂಡಿಗಳು, ಬಟನ್ ಒತ್ತಿ ಸರಿಪಡಿಸುವ ಪಕ್ಕದ ಕನ್ನಡಿಗಳು ಬರುತ್ತವೆ. ವಿಎಕ್ಸ್‌ಐ (ಒ)ನಲ್ಲಿ ಕೀಲಿ ತಿರುಗಿಸದೆ ಗುಂಡಿ ಒತ್ತಿ ಸ್ಟಾರ್ಟ್ ಮಾಡಬಹುದು. ಝಡ್‌ಎಕ್ಸ್‌ಐಯಲ್ಲಿ ಎಲ್‌ಇಡಿ ದೀಪ, 15 ಇಂಚಿನ ಅಲಾಯ್ ಚಕ್ರ, ತಾನಾಗಿಯೇ ಹೊಂದಿಕೊಳ್ಳುವ ಎಸಿ, ಹಿಂಬದಿ ಗಾಜಿಗೆ ವೈಪರ್, ತಂತಿಯಿಲ್ಲದ ಮೊಬೈಲ್ ಚಾರ್ಜರ್. ಝಡ್‌ಎಕ್ಸ್‌ಐ ಪ್ಲಸ್‌ನಲ್ಲಿ 9 ಇಂಚಿನ ಸ್ಕ್ರೀನ್, ಕ್ರೂಸ್ ಕಂಟ್ರೋಲ್, ಎಲ್‌ಇಡಿ ಫಾಗ್ ಲ್ಯಾಂಪ್.

ಇವುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಹಿಂಬದಿ ವೈಪರ್ ಇದ್ದರೆ ಅನುಕೂಲ. ರಾತ್ರಿ ಹೆಚ್ಚು ಓಡಾಡುವವರಿಗೆ ಒಳ್ಳೆಯ ದೀಪ ಬೇಕು. ಆದರೆ ದಿನಕ್ಕೆ ಹತ್ತು ಕಿ.ಮೀ. ಹೋಗಿ ಬರುವ ಮನೆಗೆ ಕ್ರೂಸ್ ಕಂಟ್ರೋಲ್ ಯಾವ ಕೆಲಸಕ್ಕೆ? ಒಂದು ಕಾಗದದಲ್ಲಿ ಎರಡು ಸಾಲು ಮಾಡಿ, 'ವಾರಕ್ಕೊಮ್ಮೆಯಾದರೂ ಬಳಸುವುದು' ಮತ್ತು 'ತೋರಿಸಲಿಕ್ಕೆ ಮಾತ್ರ' ಎಂದು ಬರೆದು ನೋಡಿ. ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ.

ಕ್ಲಚ್ ಇಲ್ಲದ ಕಾರು, ಗ್ಯಾಸ್ ಕಾರು

ಎಲ್‌ಎಕ್ಸ್‌ಐ ಬಿಟ್ಟು ಉಳಿದ ದರ್ಜೆಗಳಲ್ಲಿ ಎಜಿಎಸ್ ಎಂಬ ಆಟೋಮ್ಯಾಟಿಕ್ ಗೇರ್ ದೊರೆಯುತ್ತದೆ. ಬಿಡುಗಡೆಯಲ್ಲಿ ಇದಕ್ಕೆ 50 ಸಾವಿರ ರೂಪಾಯಿ ಹೆಚ್ಚಿತ್ತು. ಇದರಲ್ಲಿ ಕ್ಲಚ್ ಒತ್ತುವ ಕೆಲಸವಿಲ್ಲ. ಮೈಲೇಜ್ ಕಡಿಮೆಯಾಗುತ್ತದೆಂಬ ಭಯ ಬೇಡ. ಕಂಪೆನಿಯ ಲೆಕ್ಕದಲ್ಲಿ ಅದು ಲೀಟರಿಗೆ 25.75 ಕಿ.ಮೀ. ಮೊಣಕಾಲು ನೋವಿರುವವರಿಗೆ, ಪೇಟೆಯ ದಟ್ಟಣೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಅಲಾಯ್ ಚಕ್ರಕ್ಕಿಂತ ಇದೇ ಹೆಚ್ಚು ಉಪಕಾರಿ.

2024ರ ಸೆಪ್ಟೆಂಬರ್‌ನಲ್ಲಿ ಸಿಎನ್‌ಜಿ ಸ್ವಿಫ್ಟ್ ಬಂತು. ಅದೇ ದರ್ಜೆಯ ಪೆಟ್ರೋಲ್ ಕಾರಿಗಿಂತ 90 ಸಾವಿರ ರೂಪಾಯಿ ಹೆಚ್ಚು. ಮೈಲೇಜ್ ಕಿಲೋಗೆ 32.85 ಕಿ.ಮೀ. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 100, ಸಿಎನ್‌ಜಿ ಕಿಲೋಗೆ 85 ರೂಪಾಯಿ ಎಂದು ಹಿಡಿಯಿರಿ. ಪ್ರತಿ ಕಿ.ಮೀ.ಗೆ ಉಳಿಯುವುದು ಸುಮಾರು ಒಂದು ರೂಪಾಯಿ 44 ಪೈಸೆ. ಹೆಚ್ಚಿಗೆ ಕೊಟ್ಟ 90 ಸಾವಿರ ವಾಪಸು ಬರಬೇಕಾದರೆ 62 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 500 ಕಿ.ಮೀ. ಓಡುವ ಮನೆಗೆ ಅದು ಹತ್ತು ವರ್ಷದ ಮಾತು, 2,000 ಕಿ.ಮೀ. ಓಡುವ ವ್ಯಾಪಾರಿಗೆ ಎರಡೂವರೆ ವರ್ಷ ಸಾಕು. ಗ್ಯಾಸ್ ಟ್ಯಾಂಕ್ ಡಿಕ್ಕಿಯ ಜಾಗವನ್ನು ಹಿಡಿಯುತ್ತದೆ ಎಂಬುದನ್ನೂ ನೆನಪಿಡಿ. ತವರಿಗೆ ಹೋಗುವಾಗಿನ ಬ್ಯಾಗುಗಳನ್ನು ಎಲ್ಲಿಡುವಿರಿ?

ಏರ್‌ಬ್ಯಾಗ್ ಎಣಿಕೆ ಸಾಕೇ?

ಸಾಲದು. ಅಪಘಾತದಲ್ಲಿ ಕಾರಿನ ಮೈ ಎಷ್ಟು ತಡೆದುಕೊಳ್ಳುತ್ತದೆ ಎಂಬುದೂ ಮುಖ್ಯ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರುಗಳನ್ನು ಢಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರಗಳನ್ನು ಕೊಡುತ್ತದೆ. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೆ ಸಿಕ್ಕಿದ್ದು ಸೊನ್ನೆ. 2018ರಲ್ಲಿ ಅದರ ಮುಂದಿನ ರೂಪಕ್ಕೆ ಎರಡು ನಕ್ಷತ್ರ, ನಿಯಮ ಬಿಗಿಯಾದ ಮೇಲೆ 2022ರಲ್ಲಿ ಒಂದೇ ನಕ್ಷತ್ರ. ಯುರೋಪಿನಲ್ಲಿ ಮಾರುವ ಹೊಸ ಸ್ವಿಫ್ಟ್‌ಗೆ ಅಲ್ಲಿನ ಸಂಸ್ಥೆ 2024ರಲ್ಲಿ ಐದರಲ್ಲಿ ಮೂರು ಕೊಟ್ಟಿತು. ಇದೇ ಗಾತ್ರದ ಟಾಟಾ ಆಲ್ಟ್ರೋಜ್ 2020ರಲ್ಲಿ ಎರಡೇ ಏರ್‌ಬ್ಯಾಗ್‌ಗಳೊಂದಿಗೆ ಐದು ನಕ್ಷತ್ರ ಪಡೆಯಿತು. ಆದ್ದರಿಂದ ಒಂದೇ ಶೋರೂಂ ನೋಡಿ ಬರಬೇಡಿ. ಬೇರೆ ಕಂಪೆನಿಯ ಕಾರನ್ನೂ ಓಡಿಸಿ ನೋಡಿ, ನಕ್ಷತ್ರಗಳ ಬಗ್ಗೆ ಕೇಳಿ.

ಆದರೆ ಯಾವ ಕಾರಾದರೂ ನಮ್ಮ ಅಭ್ಯಾಸ ಸರಿಯಿರಬೇಕು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವ ತಾಯಂದಿರನ್ನು ನಾವು ದಿನವೂ ಕಾಣುತ್ತೇವೆ. ಢಿಕ್ಕಿಯಾದಾಗ ಯಾವ ತಾಯಿಯ ಕೈಗೂ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ. ಮೇಲಾಗಿ, ರಭಸದಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗೇ ಮಗುವಿಗೆ ಅಪಾಯ. ಮಗು ಹಿಂದಿನ ಸೀಟಿನಲ್ಲಿ, ತನ್ನ ವಯಸ್ಸಿಗೆ ತಕ್ಕ ಮಕ್ಕಳ ಆಸನದಲ್ಲಿ ಕೂರಬೇಕು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ಸಾವಿರ ರೂಪಾಯಿ ದಂಡವಿದೆ. ಒಂದು ಮೆಟ್ಟಿಲು ಕೆಳಗಿನ ಕಾರು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಮಕ್ಕಳ ಆಸನ ಕೊಂಡರೆ ಅದು ಜಾಣತನ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಪ್ರವಾದಿಯವರು(ಸ) ಕಲಿಸಿದ ಪಾಠ ಸೀಟ್ ಬೆಲ್ಟಿಗೂ ಅನ್ವಯಿಸುತ್ತದೆ.

ಕಾಣದ ಖರ್ಚು

ಎಕ್ಸ್ ಶೋರೂಂ ಬೆಲೆಗೆ ಕಾರು ಮನೆಗೆ ಬರುವುದಿಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್. 6.49 ಲಕ್ಷದ ಕಾರಿಗೆ ತೆರಿಗೆಯೇ ಸುಮಾರು 91 ಸಾವಿರ. 9 ಲಕ್ಷದ ಕಾರಿಗೆ 1.26 ಲಕ್ಷ. ಟಾಪ್ ಮಾಡೆಲಿನ ದೊಡ್ಡ ಸ್ಕ್ರೀನಿಗೂ ನೀವು ತೆರಿಗೆ ಕಟ್ಟುತ್ತೀರಿ. ಜೊತೆಗೆ ವಿಮೆ, ನೋಂದಣಿ, ಫಾಸ್ಟ್ಯಾಗ್. ಶೋರೂಂನಲ್ಲಿ ಪ್ರತಿಯೊಂದು ಬಾಬತ್ತನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸೀಟ್ ಕವರ್, ಮ್ಯಾಟ್ ಮುಂತಾದ ಆಕ್ಸೆಸರಿಗಳು ಕಡ್ಡಾಯವಲ್ಲ. ವಿಮೆಯನ್ನು ಹೊರಗೆ ಮಾಡಿಸುವ ಹಕ್ಕು ನಿಮಗಿದೆ.

ಎಲ್ಲಕ್ಕಿಂತ ದೊಡ್ಡ ಕಾಣದ ಖರ್ಚು ಬಡ್ಡಿ. "ತಿಂಗಳಿಗೆ ಎಂಟು ಸಾವಿರ ಅಷ್ಟೇ" ಎಂಬ ಮಾತು ಕೇಳಲು ಹಗುರ. ಐದು ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ ಏಳು ವರ್ಷ ಕಂತು ಕಟ್ಟಿದರೆ ಒಟ್ಟು ಕಟ್ಟುವುದು ಸುಮಾರು 6.75 ಲಕ್ಷ. 1.75 ಲಕ್ಷ ಬಡ್ಡಿಗೇ ಹೋಯಿತು. ಅಲ್ಲಾಹನು ನಿಷೇಧಿಸಿದ ವ್ಯವಹಾರಕ್ಕೆ ನಾವು ಕಾಲಿಡುವುದು ಹಲವು ಬಾರಿ ಅಗತ್ಯಕ್ಕಾಗಿ ಅಲ್ಲ, ಮೇಲಿನ ಎರಡು ಮೆಟ್ಟಿಲುಗಳಿಗಾಗಿ! ಕೈಯಲ್ಲಿರುವ ಹಣಕ್ಕೆ ಕೆಳಗಿನ ದರ್ಜೆ ಬರುತ್ತದೆಯೇ, ಒಂದು ವರ್ಷ ಕಾದರೆ ಸಾಧ್ಯವೇ, ಚೆನ್ನಾಗಿ ನೋಡಿಕೊಂಡ ಹಳೆಯ ಕಾರು ಸಾಕೇ ಎಂದು ಮನೆಯವರೊಂದಿಗೆ ಕುಳಿತು ಮಾತನಾಡಿ.

ಇನ್ನೊಂದು ಮಾತು. ಹಣ ಸಾಲದಾದಾಗ ಕಣ್ಣು ಮೊದಲು ಹೋಗುವುದು ಹೆಂಡತಿಯ ಚಿನ್ನದ ಮೇಲೆ. ಮಹ್ರ್ ಆಗಿ ಬಂದದ್ದು ನಿಮ್ಮ ಸೊತ್ತು. ಮನಃಪೂರ್ವಕವಾಗಿ ನೀವು ಕೊಟ್ಟರೆ ಮಾತ್ರ ಅದು ಗಂಡನಿಗೆ ಸಲ್ಲುತ್ತದೆ. ಕೊಡುವುದಾದರೆ ಸಾಲವೋ ಉಡುಗೊರೆಯೋ ಎಂದು ಸ್ಪಷ್ಟಪಡಿಸಿ, ಸಾಲವಾದರೆ ಬರೆದಿಡಿ. ಸಾಲವನ್ನು ಬರೆದಿಡಬೇಕೆಂದು ಕುರ್‌ಆನ್ ಹೇಳಿದೆ, ಅದರಲ್ಲಿ ನಾಚಿಕೆಯಿಲ್ಲ.

ಮದುವೆ ಮಾತುಕತೆಯಲ್ಲಿ "ಹುಡುಗನಿಗೆ ಒಂದು ಕಾರು" ಎಂದು ಕೇಳುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಎಲ್‌ಎಕ್ಸ್‌ಐ ಕೇಳಿದರೂ ಝಡ್‌ಎಕ್ಸ್‌ಐ ಕೇಳಿದರೂ ಅದು ವರದಕ್ಷಿಣೆಯೇ. 1961ರ ಕಾಯ್ದೆಯ ಪ್ರಕಾರ ಅಪರಾಧ, ದೀನ್‌ನ ದೃಷ್ಟಿಯಲ್ಲಿ ಅನ್ಯಾಯ. ಗಂಡುಮಕ್ಕಳ ತಾಯಂದಿರು "ನಮಗೆ ಬೇಡ" ಎಂದು ಮೊದಲೇ ಹೇಳಿಬಿಟ್ಟರೆ ಒಬ್ಬ ತಂದೆಯ ನಿದ್ದೆ ಉಳಿಯುತ್ತದೆ.

ಶೋರೂಂಗೆ ನೀವೂ ಹೋಗಿ

ಮುಂದಿನ ಸಲ ಶೋರೂಂಗೆ ಹೊರಟಾಗ ಮನೆಯಲ್ಲಿ ಉಳಿಯಬೇಡಿ. ಚಾಲಕರ ಸೀಟಿನಲ್ಲಿ ಕುಳಿತು, ಕಾಲು ಪೆಡಲ್‌ಗೆ ಸರಿಯಾಗಿ ಎಟುಕುತ್ತದೆಯೇ, ಮುಂದಿನ ರಸ್ತೆ ಕಾಣುತ್ತದೆಯೇ ನೋಡಿ. ಸೀಟನ್ನು ಎತ್ತರಿಸಲು ಬರುವುದು ಯಾವ ದರ್ಜೆಯಿಂದ ಎಂದು ಕೇಳಿ. ಹಿಂದಿನ ಸೀಟಿನಲ್ಲಿ ಅತ್ತೆಯವರನ್ನೂ ಮಕ್ಕಳನ್ನೂ ಕೂರಿಸಿ ನೋಡಿ. ಸ್ವಿಫ್ಟ್‌ನ ಉದ್ದ 3.86 ಮೀಟರ್, ಡಿಕ್ಕಿ 265 ಲೀಟರ್. ನಾಲ್ವರಿಗೆ ಆರಾಮ, ಐದನೆಯವರಿಗೆ ಇಕ್ಕಟ್ಟು.

ಖರ್ಚು ಮಾಡುವಾಗ ದುಂದುಗಾರಿಕೆಯೂ ಬೇಡ, ಜಿಪುಣತನವೂ ಬೇಡ, ನಡುದಾರಿ ಹಿಡಿಯುವವರೇ ರಹ್ಮಾನನ ದಾಸರು ಎಂಬ ಆಶಯ ಕುರ್‌ಆನಿನ ಅಲ್ ಫುರ್ಕಾನ್ ಅಧ್ಯಾಯದಲ್ಲಿದೆ. ಕಾರು ಕೊಳ್ಳುವುದು ತಪ್ಪಲ್ಲ. ವಯಸ್ಸಾದ ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಳೆಯಲ್ಲಿ ನೆನೆಯದೆ ಮಕ್ಕಳು ಮನೆ ಸೇರಲು ನೆರವಾಗುವ ವಾಹನ ಒಂದು ಅನುಗ್ರಹ. ಸಾಲದ ಚಿಂತೆಯಿಲ್ಲದೆ, ಬೆಲ್ಟ್ ಕಟ್ಟಿಕೊಂಡು, ಪ್ರಯಾಣದ ದುಆ ಹೇಳಿ ಹೊರಡುವಾಗ ಕಾರಿನ ಹಿಂಬದಿಯಲ್ಲಿ ಯಾವ ಅಕ್ಷರಗಳಿವೆ ಎಂಬುದು ಒಳಗೆ ಕುಳಿತವರಿಗೆ ಕಾಣುವುದೇ ಇಲ್ಲ.