ವಿಯೆಟ್ನಾಂ ಯುದ್ಧ ಮತ್ತು ಅಮೆರಿಕದ ಒಳಬಿರುಕು

ಎರಡನೆಯ ಮಹಾಯುದ್ಧಾನಂತರದ ಅಮೆರಿಕದ ಸಾಮಾಜಿಕ ಚರಿತ್ರೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ವಿಶಿಷ್ಟವಾದ ಸ್ಥಾನವಿದೆ. ಕಮ್ಯುನಿಸಂ ವಿರುದ್ಧ ಆ ದೇಶವು ಹೊರನಾಡಿನಲ್ಲಿ ಹೂಡಿದ ಮೊದಲ ಸಮರ ಇದಲ್ಲ. 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿಯೂ ಮೂವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಮಡಿದಿದ್ದರು. ಆಗ ಅಸಮಾಧಾನವಿತ್ತು, ಆದರೆ ಅದು ಬೀದಿಗಿಳಿಯಲಿಲ್ಲ. ವಿಯೆಟ್ನಾಂ ಮಾತ್ರ ಸಮಾಜವನ್ನು ಸೀಳಿತು. ಇದರ ಕಾರಣಗಳನ್ನು ಟೆಲಿವಿಷನ್ನಿನ ಪ್ರಭಾವದಲ್ಲಿ, ಯುವಜನರ ಬಂಡಾಯ ಮನೋಧರ್ಮದಲ್ಲಿ, ಸರ್ಕಾರ ಆಡಿದ ಸುಳ್ಳುಗಳಲ್ಲಿ ಹುಡುಕುವುದು ವಾಡಿಕೆ. ಇವು ನಿಜವಾದ ಕಾರಣಗಳೇ. ಆದರೆ ಇವುಗಳ ಬುಡದಲ್ಲಿ ಇನ್ನೂ ಸರಳವಾದ, ಇನ್ನೂ ಕ್ರೂರವಾದ ಒಂದು ಪ್ರಶ್ನೆಯಿತ್ತು: ಯಾರ ಮಗ ಹೋಗಬೇಕು, ಯಾರ ಮಗ ಉಳಿಯಬೇಕು?

ಯುದ್ಧದ ಹಿನ್ನೆಲೆ ಸುಪರಿಚಿತವಾದುದು. 1954ರ ಜಿನೀವಾ ಒಪ್ಪಂದವು ವಿಯೆಟ್ನಾಮನ್ನು 17ನೆಯ ಅಕ್ಷಾಂಶದಲ್ಲಿ ತಾತ್ಕಾಲಿಕವಾಗಿ ವಿಭಜಿಸಿತು. 1956ರಲ್ಲಿ ನಡೆಯಬೇಕಾಗಿದ್ದ ಏಕೀಕರಣದ ಚುನಾವಣೆ ನಡೆಯಲೇ ಇಲ್ಲ. ಒಂದು ದೇಶ ಕಮ್ಯುನಿಸ್ಟರ ವಶವಾದರೆ ನೆರೆಯ ದೇಶಗಳೂ ಸಾಲುಗಟ್ಟಿ ಉರುಳುತ್ತವೆ ಎಂಬ ನಂಬಿಕೆ ವಾಷಿಂಗ್ಟನ್ನಿನಲ್ಲಿ ಬೇರೂರಿತ್ತು. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಹೇಳಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಸಮ್ಮತಿ ಪಡೆದರು. ಪ್ರತಿನಿಧಿ ಸಭೆಯಲ್ಲಿ ವಿರೋಧವಾಗಿ ಒಂದು ಮತವೂ ಬೀಳಲಿಲ್ಲ, ಸೆನೆಟ್‌ನಲ್ಲಿ ಬಿದ್ದುದು ಎರಡೇ. ಆ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಇಂದು ಅಲ್ಲಿನ ಸರ್ಕಾರಿ ದಾಖಲೆಗಳಿಂದಲೇ ತಿಳಿದುಬಂದಿದೆ. 1965ರ ಮಾರ್ಚ್‌ನಲ್ಲಿ ಪದಾತಿ ಪಡೆಗಳು ಡಾ ನಾಂಗ್‌ನಲ್ಲಿ ಇಳಿದವು. 1969ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 5,40,000ವನ್ನು ದಾಟಿತ್ತು.

ಇಷ್ಟು ಜನರನ್ನು ಒದಗಿಸಿದ ವ್ಯವಸ್ಥೆಯನ್ನು ಅಲ್ಲಿ 'ಡ್ರಾಫ್ಟ್' ಎನ್ನುತ್ತಿದ್ದರು. ಬ್ಯಾಂಕಿನ ಹುಂಡಿಯನ್ನೋ ಕಚೇರಿಯ ಕರಡನ್ನೋ ಸೂಚಿಸುವ ಪದವಾಗಿ ನಮ್ಮಲ್ಲಿ ಬಳಕೆಯಲ್ಲಿರುವ ಇದು, ಅಲ್ಲಿನ ಒಂದು ತಲೆಮಾರಿನ ಯುವಕರಿಗೆ ಮನೆಯ ಅಂಚೆಪೆಟ್ಟಿಗೆಗೆ ಬಂದು ಬೀಳುವ ಆಜ್ಞಾಪತ್ರವಾಗಿತ್ತು. ಹದಿನೆಂಟು ತುಂಬಿದ ಪ್ರತಿಯೊಬ್ಬ ಯುವಕನೂ ಹೆಸರು ನೋಂದಾಯಿಸಬೇಕಾಗಿತ್ತು. ಯಾರನ್ನು ಕರೆಯಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಎಂಬುದನ್ನು ಊರೂರಿನ ಸ್ಥಳೀಯ ಮಂಡಳಿಗಳು ನಿರ್ಧರಿಸುತ್ತಿದ್ದವು. ಯುದ್ಧದ ಅವಧಿಯಲ್ಲಿ ಭರ್ತಿಗೆ ಅರ್ಹ ವಯಸ್ಸಿನಲ್ಲಿದ್ದವರು ಸುಮಾರು 2 ಕೋಟಿ 70 ಲಕ್ಷ. ಅವರಲ್ಲಿ ಕಡ್ಡಾಯವಾಗಿ ಭರ್ತಿಯಾದವರು ಸುಮಾರು 22 ಲಕ್ಷ. ಎಲ್ಲರೂ ಹೋಗಬೇಕಾಗಿದ್ದರೆ ಅದು ಪಾಲಿಗೆ ಬಂದ ಕಷ್ಟವೆನಿಸುತ್ತಿತ್ತು; ಕೆಲವರು ಮಾತ್ರ ಹೋಗಬೇಕಾದಾಗ ಅದು ಅನ್ಯಾಯದ ರೂಪ ತಾಳಿತು. ವಿಯೆಟ್ನಾಂಗೆ ಹೋದವರಲ್ಲಿ ಹೆಚ್ಚಿನವರು ದಾಖಲೆಯ ಪ್ರಕಾರ ಸ್ವಯಂಪ್ರೇರಿತರು ಎಂಬ ಮಾತೂ ಉಂಟು. ಆದರೆ ಅವರಲ್ಲಿ ಅನೇಕರು ಹೇಗೂ ಕರೆ ಬರುವುದು ಖಚಿತವಾದಾಗ, ತಮಗೆ ಬೇಕಾದ ದಳವನ್ನಾದರೂ ಆರಿಸಿಕೊಳ್ಳೋಣವೆಂದು ಮುಂದಾಗಿ ಸೇರಿದವರು. ಅಂತಹ ಸ್ವಯಂಪ್ರೇರಣೆಯನ್ನು ಪ್ರೇರಣೆಯೆನ್ನುವುದು ಕಷ್ಟ.

ವಿನಾಯಿತಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ಮುಂದೂಡಿಕೆ. ಕೊರಿಯಾ ಯುದ್ಧದ ಕಾಲದಲ್ಲಿಯೂ ಇದು ಇತ್ತು, ಆದರೆ ಆ ಯುದ್ಧ ಮೂರು ವರ್ಷಗಳಲ್ಲಿ ಮುಗಿಯಿತು. ಅರವತ್ತರ ದಶಕದಲ್ಲಿ ಕಾಲೇಜುಗಳು ಹಿಂದೆಂದೂ ಇಲ್ಲದಷ್ಟು ತುಂಬಿ ತುಳುಕುತ್ತಿದ್ದವು, ಯುದ್ಧವಂತೂ ಮುಗಿಯುವ ಲಕ್ಷಣವೇ ಇರಲಿಲ್ಲ. ಕಾಲೇಜಿನ ಶುಲ್ಕ ತೆರಬಲ್ಲವನಿಗೆ ನಾಲ್ಕು ವರ್ಷಗಳ ರಕ್ಷಣೆ. ಕಾರ್ಖಾನೆಗೋ ಹೊಲಕ್ಕೋ ಹೋಗುವವನಿಗೆ ಅದಿಲ್ಲ. 1966ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಮುಂದಿಟ್ಟು, ವಿದ್ಯಾರ್ಥಿಯ ತರಗತಿಯ ಸ್ಥಾನ ಮತ್ತು ಒಂದು ಅರ್ಹತಾ ಪರೀಕ್ಷೆಯ ಫಲಿತಾಂಶವನ್ನು ಮುಂದೂಡಿಕೆಯ ಮಾನದಂಡವಾಗಿಸಿತು. ಇದರ ಪರಿಣಾಮ ಊಹೆಗೂ ಮೀರಿದ್ದು. ಉತ್ತರಪತ್ರಿಕೆಯ ಮೇಲೆ ಅಧ್ಯಾಪಕನು ಬರೆಯುವ ಅಂಕವೇ ಒಬ್ಬ ಯುವಕ ರಣರಂಗಕ್ಕೆ ಹೋಗುತ್ತಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸಬಹುದಾಗಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಸ್ಥಾನಗಳ ವಿವರವನ್ನು ಸೇನಾಭರ್ತಿ ಮಂಡಳಿಗಳಿಗೆ ಒದಗಿಸಬಾರದೆಂದು ಆಡಳಿತ ಕಟ್ಟಡದಲ್ಲಿ ಧರಣಿ ಕುಳಿತರು. ಯುದ್ಧವಿರೋಧದ ಶೈಕ್ಷಣಿಕ ರೂಪ ಅದಕ್ಕೂ ಹಿಂದೆಯೇ ಮೂಡಿತ್ತು: 1965ರ ಮಾರ್ಚ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಾಪಕರು ರಾತ್ರಿಯಿಡೀ ವಿಯೆಟ್ನಾಂ ಕುರಿತು ಪಾಠ, ಚರ್ಚೆ ನಡೆಸಿದರು. 'ಟೀಚ್-ಇನ್' ಎಂಬ ಈ ಬೋಧನಾ ಜಾಗರಣೆ ಬೇಗನೆ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು.

ವಿರೋಧಾಭಾಸವೊಂದು ಇಲ್ಲಿಯೇ ಅಡಗಿದೆ. ಯುದ್ಧವನ್ನು ಗಟ್ಟಿ ದನಿಯಲ್ಲಿ ವಿರೋಧಿಸಿದವರು ಬಹುಮಟ್ಟಿಗೆ ಅದರಿಂದ ರಕ್ಷಿತರಾದವರು. ಹೋರಾಡಿದವರು ಕಾರ್ಮಿಕರ, ಬಡವರ ಮಕ್ಕಳು. ಯುದ್ಧದ ಆರಂಭದ ವರ್ಷಗಳಲ್ಲಿ ಮಡಿದವರಲ್ಲಿ ಕಪ್ಪು ಅಮೆರಿಕನ್ನರ ಪ್ರಮಾಣ ಅವರ ಜನಸಂಖ್ಯೆಯ ಪ್ರಮಾಣವನ್ನು ಬಹಳವಾಗಿ ಮೀರಿತ್ತು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದರು. ಅದೇ ತಿಂಗಳು ಮುಷ್ಟಿಯುದ್ಧದ ವಿಶ್ವವಿಜೇತ ಮುಹಮ್ಮದ್ ಅಲಿ ಸೇನೆ ಸೇರಲು ನಿರಾಕರಿಸಿ ಪದವಿಯನ್ನು ಕಳೆದುಕೊಂಡರು. ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ರದ್ದುಪಡಿಸಿದ್ದು 1971ರಲ್ಲಿ.

1968ರ ಟೆಟ್ ಆಕ್ರಮಣ, ಜಾನ್ಸನ್ ಮರುಸ್ಪರ್ಧೆಯಿಂದ ಹಿಂದೆ ಸರಿದದ್ದು, ಷಿಕಾಗೊದ ಬೀದಿಗಳಲ್ಲಿ ಪೊಲೀಸರ ಲಾಠಿ — ಈ ಘಟನಾವಳಿಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಒಡಕಿನ ನಿಜಸ್ವರೂಪ ಕಾಣಿಸಿಕೊಂಡದ್ದು 1970ರ ಮೇ ತಿಂಗಳಿನಲ್ಲಿ. ಅಧ್ಯಕ್ಷ ನಿಕ್ಸನ್ ಯುದ್ಧವನ್ನು ಕಾಂಬೋಡಿಯಾಕ್ಕೆ ವಿಸ್ತರಿಸಿದಾಗ ಕಾಲೇಜುಗಳು ಹೊತ್ತಿ ಉರಿದವು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆಯವರು ಹದಿಮೂರು ಸೆಕೆಂಡುಗಳ ಕಾಲ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ಆ ಬಳಿಕ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 58 ಮಂದಿ ವಿದ್ಯಾರ್ಥಿಗಳದೇ ತಪ್ಪೆಂದರು. ಮೇ 8ರಂದು ನ್ಯೂಯಾರ್ಕಿನಲ್ಲಿ ಮೃತರಿಗಾಗಿ ಶೋಕಸಭೆ ಸೇರಿದ್ದ ವಿದ್ಯಾರ್ಥಿಗಳನ್ನು ಕಟ್ಟಡ ಕಾರ್ಮಿಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಅವರನ್ನು ಯುದ್ಧೋನ್ಮತ್ತರೆಂದು ಕರೆದು ಮುಗಿಸಿಬಿಡುವುದು ಸುಲಭ. ಕಾಲೇಜಿನ ಮೆಟ್ಟಿಲು ಹತ್ತಲಾಗದ ತಮ್ಮ ವರ್ಗದ ಹುಡುಗರು ಸಾಯುತ್ತಿರುವಾಗ, ಸುರಕ್ಷಿತರಾದವರು ಬಾವುಟ ಸುಡುತ್ತಾರೆಂಬ ರೋಷ ಅಲ್ಲಿತ್ತು. ಆ ರೋಷಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು. ಅದು ಯಾರ ಮೇಲೆ ತಿರುಗಬೇಕಿತ್ತು ಎಂಬುದು ಬೇರೆ ಮಾತು.

ಅಸಮಾನತೆಯ ಆರೋಪಕ್ಕೆ ಸರ್ಕಾರ ಕೊಟ್ಟ ಉತ್ತರ ಲಾಟರಿ. 1969ರ ಡಿಸೆಂಬರ್ 1ರಂದು ವರ್ಷದ 366 ಜನ್ಮದಿನಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿ ಹಾಕಿ, ಟೆಲಿವಿಷನ್ ಮುಂದೆ ಒಂದೊಂದಾಗಿ ಎತ್ತಲಾಯಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆದರೆ ದೈವದ ಕೈಗೊಪ್ಪಿಸಿದ ಈ ನ್ಯಾಯವೂ ಸರಿಹೋಗಲಿಲ್ಲ. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಸುರಿದು ಸರಿಯಾಗಿ ಕಲಸದೆ ಬಿಟ್ಟುದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಗಳೇ ಹೆಚ್ಚಾಗಿ ಮೊದಲು ಬಂದವೆಂದು ಸಂಖ್ಯಾಶಾಸ್ತ್ರಜ್ಞರು ತೋರಿಸಿಕೊಟ್ಟರು. ಮತದಾನದ ವಯಸ್ಸಾಗದಿದ್ದರೂ ಸಾಯಲು ವಯಸ್ಸಾಗಿದೆಯೇ ಎಂಬ ಪ್ರಶ್ನೆಗೆ 1971ರ ಸಂವಿಧಾನ ತಿದ್ದುಪಡಿ ಉತ್ತರವಾಯಿತು. ಮತದಾನದ ವಯಸ್ಸು ಹದಿನೆಂಟಕ್ಕಿಳಿಯಿತು. 1973ರಲ್ಲಿ ಕಡ್ಡಾಯ ಭರ್ತಿಯೇ ನಿಂತಿತು. ಅಲ್ಲಿಂದ ಮುಂದೆ ಅಮೆರಿಕದ ಸೈನ್ಯ ಸಂಬಳಕ್ಕೆ ಸೇರುವವರ ಸೈನ್ಯ. ಆ ದೇಶ ಮುಂದೆ ಅಫ್ಘಾನಿಸ್ತಾನದಲ್ಲಿ 2001ರಿಂದ 2021ರವರೆಗೆ ಇಪ್ಪತ್ತು ವರ್ಷ ಯುದ್ಧ ನಡೆಸಿದಾಗ ವಿಶ್ವವಿದ್ಯಾಲಯಗಳು ಹೆಚ್ಚುಕಡಿಮೆ ಶಾಂತವಾಗಿಯೇ ಇದ್ದವು.

1975ರ ಏಪ್ರಿಲ್ 30ರಂದು ಸೈಗಾನ್ ಪತನಗೊಂಡರೂ ಒಡಕು ಕೂಡಲಿಲ್ಲ. ಭರ್ತಿಯನ್ನು ತಪ್ಪಿಸಿಕೊಂಡು ಸಾವಿರಾರು ಯುವಕರು ಕೆನಡಾಕ್ಕೂ, ಸೈನ್ಯವನ್ನು ತೊರೆದ ಕೆಲವರು ಸ್ವೀಡನ್ನಿಗೂ ಹೋಗಿದ್ದರು. 1977ರ ಜನವರಿ 21ರಂದು, ಅಧಿಕಾರ ವಹಿಸಿಕೊಂಡ ಮರುದಿನವೇ, ಅಧ್ಯಕ್ಷ ಕಾರ್ಟರ್ ಭರ್ತಿ ತಪ್ಪಿಸಿಕೊಂಡವರನ್ನು ಕ್ಷಮಿಸಿದರು. ಸೈನ್ಯ ತೊರೆದವರಿಗೆ ಆ ಕ್ಷಮೆ ಅನ್ವಯಿಸಲಿಲ್ಲ.

ಈ ಕಹಿಯ ಒಂದು ಎಳೆ ಕರ್ನಾಟಕದವರೆಗೂ ಬಂದಿದೆ ಎಂಬುದು ಕುತೂಹಲಕರ. ವಾಷಿಂಗ್ಟನ್ನಿನಲ್ಲಿ ಮಡಿದ ಯೋಧರ ಸ್ಮಾರಕ ನಿರ್ಮಿಸಲು ನಡೆದ ಸ್ಪರ್ಧೆಯಲ್ಲಿ 1981ರಲ್ಲಿ ಗೆದ್ದದ್ದು ಯೇಲ್ ವಿಶ್ವವಿದ್ಯಾಲಯದ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿನಿ ಮಾಯಾ ಲಿನ್ ಅವರ ವಿನ್ಯಾಸ: ನೆಲದೊಳಗೆ ಇಳಿದಂತಿರುವ, ನೋಡುವವರ ಮುಖ ಪ್ರತಿಫಲಿಸುವ ಕಪ್ಪು ಗೋಡೆ. ಅದನ್ನು ಅವಮಾನದ ಗುರುತೆಂದು ಜರೆದವರೂ ಇದ್ದರು. ಅವರ ಸಮಾಧಾನಕ್ಕೆಂದು ಮೂವರು ಸೈನಿಕರ ಕಂಚಿನ ಪ್ರತಿಮೆಯೊಂದನ್ನು 1984ರಲ್ಲಿ ಸಮೀಪದಲ್ಲಿ ನಿಲ್ಲಿಸಲಾಯಿತು. ಒಳ್ಳೆಯ ಕಪ್ಪು ಗ್ರಾನೈಟ್ ಕೆನಡಾ, ಸ್ವೀಡನ್‌ಗಳಲ್ಲಿ ದೊರೆಯುತ್ತಿದ್ದರೂ, ಭರ್ತಿ ತಪ್ಪಿಸಿಕೊಂಡವರಿಗೆ ಆಶ್ರಯವಿತ್ತ ದೇಶಗಳ ಕಲ್ಲು ಬೇಡವೆಂದು ಕೈಬಿಡಲಾಯಿತೆಂದು ಸ್ಮಾರಕದ ಇತಿಹಾಸ ಬರೆದವರು ಹೇಳುತ್ತಾರೆ. ಕೊನೆಗೆ ಆಯ್ಕೆಯಾದದ್ದು ಬೆಂಗಳೂರು ಸೀಮೆಯ ಕಲ್ಲು. ಅದನ್ನು ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ ಕತ್ತರಿಸಿ, ಟೆನೆಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದು, 1982ರ ನವೆಂಬರ್ 13ರಂದು ಲೋಕಾರ್ಪಣೆ ಮಾಡಲಾಯಿತು. ಈಗ ಅದರ ಮೇಲೆ 58,000ಕ್ಕೂ ಮಿಕ್ಕಿ ಹೆಸರುಗಳಿವೆ. ಅವುಗಳನ್ನು ಅಕಾರಾದಿಯಾಗಿ ಅಲ್ಲ, ಸತ್ತ ದಿನದ ಕ್ರಮದಲ್ಲಿ, ಪದವಿ ದರ್ಜೆಗಳ ಉಲ್ಲೇಖವಿಲ್ಲದೆ ಬರೆಯಲಾಗಿದೆ.