ಕೋರ್ಟಿನಿಂದ ಸಮನ್ಸ್ ಬಂದಿದೆಯೇ? ಮೊದಲ ವಾಯಿದೆಗೆ ಹೀಗೆ ಸಿದ್ಧರಾಗಿ

ಕೋರ್ಟಿನ ಅಮೀನರು ಮನೆ ಬಾಗಿಲಿಗೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ. ಸಮನ್ಸ್ ಎಂದರೆ ಶಿಕ್ಷೆಯಲ್ಲ. ‘ನಿಮ್ಮ ಮೇಲೆ ದಾವೆ ಹೂಡಿದ್ದಾರೆ, ಇಂಥ ದಿನ ಬಂದು ನಿಮ್ಮ ಮಾತು ಹೇಳಿ’ ಎಂಬ ಕರೆ, ಅಷ್ಟೇ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸಾಮಾನ್ಯವಾದ ಪಾಲು ವಿಭಾಗದ ಸಿವಿಲ್ ದಾವೆಯನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಕ್ರಿಮಿನಲ್ ಕೇಸಿನ ದಾರಿ ಬೇರೆ. ಅಲ್ಲಿ ಆರೋಪಿ ಹಾಜರಾಗದಿದ್ದರೆ ವಾರಂಟ್ ಹೊರಡಬಹುದು.

ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸು ನಿಂತುಹೋಗುತ್ತದೆಯೇ? ಇಲ್ಲ. ಬೇಡವೆಂದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಕೋರ್ಟು ಅದನ್ನು ಜಾರಿಯಾದಂತೆಯೇ ಎಣಿಸಬಹುದು. ಆದ್ದರಿಂದ ಪಡೆಯಿರಿ. ಪಡೆದ ತಾರೀಖನ್ನು ಒಂದು ಕಡೆ ಬರೆದಿಡಿ. ಆ ದಿನದಿಂದ 30 ದಿನಗಳೊಳಗೆ ‘ಲಿಖಿತ ಹೇಳಿಕೆ’, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಬೇಕು. ಸರಿಯಾದ ಕಾರಣವಿದ್ದರೆ ಕೋರ್ಟು 90 ದಿನಗಳವರೆಗೂ ಸಮಯ ಕೊಡಬಹುದು. ಅದನ್ನು ನಂಬಿ ಸುಮ್ಮನೆ ಕೂರುವುದು ಒಳ್ಳೆಯದಲ್ಲ.

ಸಮನ್ಸ್ ಜೊತೆ ವಾದಪತ್ರದ ಪ್ರತಿ ಇರುತ್ತದೆ. ಕೊನೆಯ ಹಾಳೆಗಳಲ್ಲಿರುವ ಷೆಡ್ಯೂಲನ್ನು, ಅಂದರೆ ಆಸ್ತಿಯ ವಿವರವನ್ನು, ಮೊದಲು ನೋಡಿ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಇವನ್ನು ನಿಮ್ಮ ಪಹಣಿಯೊಂದಿಗೆ ಹೋಲಿಸಿ. ಯಾವ ಜಮೀನು ಬಿಟ್ಟುಹೋಗಿದೆ, ಯಾವುದು ಸುಮ್ಮನೆ ಸೇರಿದೆ ಎಂದು ಗುರುತು ಹಾಕಿ. ಪಹಣಿ, ಮ್ಯುಟೇಷನ್, ಹಳೆಯ ಪಾಲುಪಟ್ಟಿ, ಕ್ರಯಪತ್ರಗಳ ಜೆರಾಕ್ಸ್ ಮಾಡಿಸಿ. ಮೂಲ ಪತ್ರಗಳನ್ನು ಯಾರ ಕೈಗೂ ಕೊಡುವ ಆತುರ ಬೇಡ. ಜೊತೆಗೆ ‘ಐ.ಎ.’ ಎಂದು ಬರೆದ ಅರ್ಜಿ ಇದೆಯೇ ನೋಡಿ. ಅದು ಬಹುಶಃ ತಡೆಯಾಜ್ಞೆ ಕೇಳಿದ ಮಧ್ಯಂತರ ಅರ್ಜಿ. ಅದಕ್ಕೆ ಬೇರೆಯಾಗಿಯೇ ಆಕ್ಷೇಪಣೆ ಹಾಕಬೇಕು.

ಇನ್ನು ವಕೀಲರು. ನಿಮ್ಮ ಪರವಾಗಿ ನಡೆಸಲು ಅವರಿಗೆ ಕೊಡುವ ಅಧಿಕಾರಪತ್ರವೇ ವಕಾಲತ್ತು. ಇಲ್ಲೊಂದು ಮಾತನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಪಾಲಿನ ದಾವೆಯಲ್ಲಿ ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರೂ ಪ್ರತಿವಾದಿಗಳಾಗಿರುತ್ತಾರೆ. ‘ನಮ್ಮ ವಕೀಲರೇ ನೋಡ್ಕೋತಾರೆ, ಒಂದು ಸಹಿ ಹಾಕಮ್ಮ’ ಎಂದು ಅಣ್ಣ ಕಾಗದ ಹಿಡಿದು ಬರುತ್ತಾನೆ. ಸಹಿಗೆ ಮೊದಲು ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಖಂಡಿತ ಬೇಡ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನಿಮಗೆ ಪಾಲು ಬೇಕು, ಅಣ್ಣನಿಗೆ ಕೊಡುವ ಮನಸ್ಸಿಲ್ಲ ಎಂದಾದರೆ ಇಬ್ಬರಿಗೂ ಒಬ್ಬರೇ ವಕೀಲರು ಆಗುವುದಿಲ್ಲ. ನಿಮ್ಮ ವಕೀಲರು ಬೇರೆಯೇ ಇರಲಿ.

ವಾಯಿದೆಯ ದಿನ ಹತ್ತೂವರೆಗೆಲ್ಲ ಕೋರ್ಟಿನಲ್ಲಿರಿ. ಆ ದಿನದ ಕೇಸುಗಳ ಪಟ್ಟಿಯಲ್ಲಿ ನಿಮ್ಮ ಓ.ಎಸ್. ನಂಬರ್, ಅಂದರೆ ದಾವೆಯ ಸಂಖ್ಯೆ, ಹುಡುಕಿ. ಸಿಗದಿದ್ದರೆ ಬೆಂಚ್ ಕ್ಲರ್ಕ್ ಅವರನ್ನು ಕೇಳಿ. ಮೊಬೈಲ್ ಸೈಲೆಂಟ್ ಮಾಡಿ. ಹೆಸರು ಕೂಗಿದಾಗ ಮುಂದೆ ಹೋಗಿ ಕೈಮುಗಿದು ನಿಲ್ಲಿ. ವಕೀಲರು ಇನ್ನೂ ಗೊತ್ತಾಗಿಲ್ಲವೇ? ‘ಸ್ವಾಮಿ, ನಾನು ಮೂರನೇ ಪ್ರತಿವಾದಿ. ವಕೀಲರನ್ನು ಇಟ್ಟುಕೊಳ್ಳಲು ಸಮಯ ಕೊಡಿ’ ಎಂದರೆ ಸಾಕು. ಕನ್ನಡದಲ್ಲೇ ಹೇಳಿ. ಅಂದು ಸಾಕ್ಷಿ ಕೇಳುವುದಿಲ್ಲ, ವಾದವೂ ಸಾಮಾನ್ಯವಾಗಿ ನಡೆಯುವುದಿಲ್ಲ. ಮುಂದಿನ ತಾರೀಖು ಕೊಡುತ್ತಾರೆ, ಬರೆದುಕೊಳ್ಳಿ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಕೇಸಿನ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿಯೂ ತಾರೀಖು ನೋಡಬಹುದು.

ಹೋಗದಿದ್ದರೆ ನಿಮ್ಮನ್ನು ‘ಎಕ್ಸ್‌ಪಾರ್ಟಿ’ ಮಾಡುತ್ತಾರೆ. ನಿಮ್ಮನ್ನು ಬಿಟ್ಟೇ ಕೇಸು ಸಾಗುತ್ತದೆ. ಹಾಗಾಗಿದ್ದರೆ ಕಾರಣ ತೋರಿಸಿ ತಕ್ಷಣ ಅರ್ಜಿ ಹಾಕಿ. ಡಿಕ್ರಿಯೇ ಆಗಿದ್ದರೆ ಅದನ್ನು ರದ್ದುಪಡಿಸಲು ಕೇಳುವ ಅವಧಿ 30 ದಿನ. ಮುಂಬೈಯಲ್ಲೋ ದುಬೈಯಲ್ಲೋ ಇರುವವರು ವಕಾಲತ್ತು ಕಳಿಸಿದರೆ ಮೊದಲ ವಾಯಿದೆಗೆ ಸಾಮಾನ್ಯವಾಗಿ ವಕೀಲರೇ ಸಾಕು.

ಖರ್ಚೆಷ್ಟು? ಹಾಜರಾಗಲು ಶುಲ್ಕವಿಲ್ಲ. ವಕಾಲತ್ತಿನ ಸ್ಟಾಂಪಿಗೆ ಸ್ವಲ್ಪ ಹಣ ಬೇಕು. ನಿಮ್ಮ ಪಾಲನ್ನೂ ಬೇರೆ ಮಾಡಿಕೊಡಿ ಎಂದು ಕೇಳಿದರೆ ಕೋರ್ಟ್ ಶುಲ್ಕ ಕಟ್ಟಬೇಕು. ವಕೀಲರ ಫೀಸನ್ನು ಮೊದಲೇ ಮಾತಾಡಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರು ಉಚಿತವಾಗಿ ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆ ಎಂದು ವಿಚಾರಿಸಿ, ಸಮನ್ಸ್ ಮತ್ತು ಆಧಾರ್ ಪ್ರತಿಯೊಂದಿಗೆ ಅರ್ಜಿ ಕೊಡಿ. ಫೋನಿನಲ್ಲಿ ಕೇಳುವುದಾದರೆ 15100.